ಬೀಗ ಬಿದ್ದ ಪ್ಲಗ್

ಶವವಾಹನದ ಬ್ಯಾಟರಿಯಲ್ಲಿ ಆರು ಕಿಲೋಮೀಟರಿಗಾಗುವಷ್ಟು ಜೀವ ಮಾತ್ರ ಉಳಿದಿತ್ತು. ವಿದ್ಯುತ್ ಚಿತಾಗಾರ ಇನ್ನೂ ಒಂಬತ್ತು ಕಿಲೋಮೀಟರ್ ದೂರ. ಬೆಳಗ್ಗೆ ಸಾಗಿಸಿದ ಇನ್ನೊಬ್ಬರ ಮನೆಯವರು ಊರೆಲ್ಲ ಸುತ್ತಿಸಿದ್ದರಿಂದ ಹೀಗಾಯಿತೆಂದು ಚಾಲಕ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕ್ಷಮೆ ಕೇಳಿ, ವ್ಯಾನನ್ನು ಚಾರ್ಜಿಂಗ್ ಪಾಯಿಂಟಿಗೆ ತಿರುಗಿಸಿದ. ಹಿಂದೆ ಮಲಗಿದ್ದವರು ಆಕೆಯ ಗಂಡ. ಪರವಾಗಿಲ್ಲ, ನಮ್ಮ ಯಜಮಾನರು ಬದುಕಿದ್ದಾಗಲೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋದವರಲ್ಲ ಎಂದು ಆಕೆಯೇ ಅವನನ್ನು ಸಮಾಧಾನ ಮಾಡಿದರು. ಆದರೆ ಚಿತಾಗಾರದವರು ಕೊಟ್ಟಿದ್ದ ಸರದಿ ನಾಲ್ಕೂಕಾಲಿಗೆ. ತಪ್ಪಿದರೆ ಮತ್ತೆ ಸೋಮವಾರವೇ. ಮಗಳು, ನೆಂಟರೆಲ್ಲ ಆಗಲೇ ಅಲ್ಲಿ ಸೇರಿದ್ದರು. ಗಂಟೆ ಮೂರಾಗಿತ್ತು.

ಅಲ್ಲಿದ್ದ ಎರಡು ಪ್ಲಗ್ಗುಗಳಲ್ಲಿ ಒಂದು ಕೆಟ್ಟಿತ್ತು. ಅದರ ಮೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಇನ್ನೊಂದನ್ನು ಬೂದು ಬಣ್ಣದ ಕಾರೊಂದು ಕಚ್ಚಿಕೊಂಡಿತ್ತು. ಅದರ ಸುತ್ತ ಒಂದು ಸುತ್ತು ಬಂದ ಚಾಲಕನ ಮೈಯೆಲ್ಲ ಉರಿದುಹೋಯಿತು. ಅದು ಹೈಬ್ರಿಡ್ ಕಾರು. ಕರೆಂಟಿನಲ್ಲೂ ಓಡುತ್ತದೆ, ಪೆಟ್ರೋಲಿನಲ್ಲೂ ಓಡುತ್ತದೆ. ಅಷ್ಟು ಸಾಲದೆಂಬಂತೆ, ಅದರ ಬ್ಯಾಟರಿ ನೂರಕ್ಕೆ ನೂರು ತುಂಬಿ ಎರಡು ಗಂಟೆ ಕಳೆದಿದೆಯೆಂದು ಚಾರ್ಜಿಂಗ್ ಕಂಬದ ಪರದೆಯೇ ಹೇಳುತ್ತಿತ್ತು. ಪ್ಲಗ್ ಹಿಡಿದು ಜಗ್ಗಿದ. ಬರಲಿಲ್ಲ. ಕೀಲಿ ಇರುವವನು ಬೀಗ ತೆಗೆಯದ ಹೊರತು ಅದು ಬರುವಂಥದ್ದೂ ಅಲ್ಲ.

ಔಷಧಿ ಅಂಗಡಿ, ದರ್ಜಿ ಅಂಗಡಿ ಎಲ್ಲ ವಿಚಾರಿಸಿಕೊಂಡು ಚಾಲಕ ಕಡೆಗೆ ಸಲೂನಿಗೆ ನುಗ್ಗಿದ. ಕಾರಿನ ಒಡೆಯ ಅಲ್ಲಿದ್ದ. ಕುತ್ತಿಗೆಯವರೆಗೂ ಬಟ್ಟೆ ಹೊದ್ದು, ತಲೆತುಂಬ ಕಪ್ಪು ಬಣ್ಣ ಮೆತ್ತಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ಮುದುಕ. ಕಂಡವರ ಮುಂದೆ ಹೆಣ ಎನ್ನುವ ಮಾತು ಆಡಬಾರದೆಂದು ಕಂಪನಿಯ ಕಟ್ಟಪ್ಪಣೆ ಇದ್ದುದರಿಂದ ಚಾಲಕ, ತನ್ನ ವ್ಯಾನಿನಲ್ಲಿ ಒಬ್ಬರು ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ ಎಂದಷ್ಟೇ ಹೇಳಿದ. ಮುದುಕ ಕಣ್ಣು ಬಿಡಲಿಲ್ಲ. ಕಾಯಲಿ, ಅವರಿಗೇನು ಅವಸರ, ತಲೆ ತೊಳೆಯಲು ಇನ್ನೂ ಮುಕ್ಕಾಲು ಗಂಟೆ ಬೇಕು ಎಂದುಬಿಟ್ಟ.

ಚಾಲಕ ವಾಪಸು ಬಂದು, ಆ ಕಾರು ಪೆಟ್ರೋಲಿನಲ್ಲೂ ಓಡುವಂಥದ್ದೆಂದು ಗೊಣಗುತ್ತ ಈ ಮಾತನ್ನು ಒಪ್ಪಿಸಿದ. ಆಕೆ ಸೆರಗು ಸರಿಮಾಡಿಕೊಂಡು, ಕೆಳಗಿಳಿದು, ತಾವೇ ಸಲೂನಿಗೆ ನಡೆದರು. ಒಳಗೆ ಹೆಜ್ಜೆಯಿಟ್ಟವರು ಕನ್ನಡಿಯಲ್ಲಿ ಕಂಡ ಮುಖ ನೋಡಿ ಅಲ್ಲೇ ನಿಂತರು. ಅದು ತಮ್ಮ ಗಂಡನ ಅಣ್ಣ. ಹನ್ನೊಂದು ವರ್ಷದಿಂದ ತಮ್ಮನ ಜೊತೆ ಮಾತು ಬಿಟ್ಟವರು. ಬೆಳಗ್ಗೆ ಫೋನಿನಲ್ಲಿ ಸಾವಿನ ಸುದ್ದಿ ತಿಳಿಸಿದಾಗ, ಹೂಂ ಎಂದು ಇಟ್ಟವರು.

"ಭಾವ, ಇಲ್ಲಿ ಏನ್ ಮಾಡ್ತಿದ್ದೀರಿ?"

ಭಾವ ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಆಕೆಯನ್ನು ಕಂಡು ಕುರ್ಚಿಯಲ್ಲೇ ಕುಗ್ಗಿದರು. "ಅಲ್ಲಿಗೇ ಹೊರಟಿದ್ದೆ ಕಣಮ್ಮ. ಕಾರಲ್ಲಿ ಚಾರ್ಜ್ ಇರ್ಲಿಲ್ಲ."

"ಪೆಟ್ರೋಲು?"

ಭಾವನ ಹಣೆಯಿಂದ ಇಳಿದ ಒಂದು ಕಪ್ಪು ಹನಿ ಮೂಗಿನ ತುದಿಗೆ ಬಂದು ನಿಂತಿತು. ಅದನ್ನು ಒರೆಸುತ್ತ ಕ್ಷೌರಿಕನೇ ಬಾಯಿ ಹಾಕಿದ. "ಇವರು ಬಂದಿದ್ದು ಹನ್ನೊಂದು ಗಂಟೆಗೆ. ಕಟಿಂಗ್ ಆಯ್ತು, ಶೇವಿಂಗ್ ಆಯ್ತು, ಎರಡು ಸಲ ತಲೆ ತಿಕ್ಕಿದ್ದಾಯ್ತು. ಎದ್ದೇಳಿ ಅಂದ್ರೆ, ಇನ್ನೇನಾದ್ರೂ ಮಾಡು ಅಂತಾರೆ. ಮಾಡೋಕೆ ಏನೂ ಉಳೀಲಿಲ್ಲ ಅಂತ ಡೈ ಹಚ್ಚಿದೆ."

ಆಕೆಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಗಂಡ ಸತ್ತ ದಿನ ನಗುವುದು ಹೇಗೆಂದು ತುಟಿ ಕಚ್ಚಿ ಹಿಡಿದರೂ ಅದು ಮೂಗಿನಿಂದ ಹೊರಬಿತ್ತು. ನಿಮ್ಮ ತಮ್ಮನೇ ಆಚೆ ವ್ಯಾನಿನಲ್ಲಿ ಮಲಗಿದ್ದಾರೆ, ನಿಮ್ಮ ಕಾರು ಪ್ಲಗ್ ಬಿಡದೆ ಅವರಿಗೆ ಮುಂದೆ ಹೋಗಲು ದಾರಿಯಿಲ್ಲ ಎಂದು ಹೇಳಿದರು.

ಭಾವ ಹೊದ್ದಿದ್ದ ಬಟ್ಟೆ ಸಮೇತ ಎದ್ದು ಬಂದರು. ತಲೆಯ ಬಣ್ಣ ತಾಗದಿರಲೆಂದು ಕ್ಷೌರಿಕ ಓಡಿಬಂದು ಅವರ ತಲೆಗೊಂದು ಪ್ಲಾಸ್ಟಿಕ್ ಟೋಪಿ ತೊಡಿಸಿದ. ಭಾವ ಕೀಲಿ ಒತ್ತಿ ಬೀಗ ತೆಗೆದರು. ಚಾಲಕ ಕಾರನ್ನು ಅತ್ತ ಸರಿಸಿ ವ್ಯಾನಿಗೆ ಪ್ಲಗ್ ಚುಚ್ಚಿದ. ಇಪ್ಪತ್ತೈದು ನಿಮಿಷ ಬೇಕು, ಆಮೇಲೂ ಹತ್ತು ನಿಮಿಷ ಕೈಯಲ್ಲಿರುತ್ತದೆ ಎಂದು ಲೆಕ್ಕ ಹೇಳಿದ. ಭಾವ ರಸ್ತೆಯ ಕಡೆ ಮುಖ ಮಾಡಿ ನಿಂತೇ ಇದ್ದರು. ಆಕೆ ಹೋಗಿ ವ್ಯಾನಿನ ಹಿಂಬಾಗಿಲು ತೆರೆದು ಹಿಡಿದರು.

"ಒಳಗೆ ಹೋಗಿ ಕೂತ್ಕೊಳ್ಳಿ ಭಾವ. ಏನು ಹೇಳ್ಬೇಕೋ ಹೇಳ್ಬಿಡಿ. ಇವತ್ತೊಂದಿನ ಎದುರುತ್ತರ ಕೊಡಲ್ಲ ಅವರು."

ಭಾವ ಆಕೆಯ ಮುಖ ನೋಡಿದರು, ಒಳಗೆ ನೋಡಿದರು, ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು ಹತ್ತಿದರು. ಬಾಗಿಲು ಮುಚ್ಚಿತು.

ಇಪ್ಪತ್ತೈದು ನಿಮಿಷ ಮುಗಿದಾಗ ಚಾಲಕ ಹೊರಡೋಣವೆಂದು ಹೇಳಲು ಹಿಂಬಾಗಿಲಿನ ಹತ್ತಿರ ಹೋದ. ಒಳಗಿನ ಮಾತು ಅವನ ಕಿವಿಗೆ ಬಿತ್ತು. "ನನ್ನ ಕಾರಿನ ಹಿಂದೆ ನಿಂತು ಬರ್ಲಿ, ಬರ್ಲಿ ಅಂದವನು ನೀನು. ಗೋಡೆಗೆ ಗುದ್ದಿದ ಮೇಲೆ, ಅಣ್ಣಂಗೆ ಗಾಡಿ ಓಡ್ಸೋಕೆ ಬರಲ್ಲ ಅಂತ ನೆಂಟರ ಮುಂದೆಲ್ಲ ನಕ್ಕವನೂ ನೀನೇ. ಗೋಡೆ ಇದೆ ಅಂತ ಒಂದು ಮಾತು ಹೇಳಕ್ಕಾಗ್ತಿರ್ಲಿಲ್ವೇನೋ ನಿಂಗೆ?"

ಚಾಲಕ ಎತ್ತಿದ ಕೈ ಇಳಿಸಿ ಹಿಂದೆ ಸರಿದ.

"ಅಳ್ತಿದ್ದಾರಾ?" ಎಂದು ಆಕೆ ಕೇಳಿದರು.

"ಇಲ್ಲಮ್ಮ, ಬೈತಿದ್ದಾರೆ."

"ಹಾಗಾದ್ರೆ ಇನ್ನೂ ಆಗಿಲ್ಲ," ಎಂದು ಆಕೆ ಪರದೆಯ ಮೇಲೆ ಏರುತ್ತಿದ್ದ ಅಂಕಿಯನ್ನು ನೋಡಿದರು. "ಇನ್ನೆರಡು ಪರ್ಸೆಂಟ್ ಏರ್ಲಿ, ಬಿಡಪ್ಪ."