ಅಳತೆಕಂಬ

“ಕಣ್ಣು ಬಿಟ್ಟು ನೋಡಿ ಸಾರ್! ಮರಳು ಎಲ್ಲಿ ಕಮ್ಮಿಯಾಗಿದೆ?” ಕಡಲತೀರದ ಅಳತೆಕಂಬದ ಬುಡಕ್ಕೆ ಬೆರಳು ತೋರಿಸಿ ಅಪ್ಪ ಗುಡುಗಿದ. ಅವನು ಮರಳು ಲಾರಿಯ ಡ್ರೈವರ್. ಕಂಬ ನೆಟ್ಟದ್ದು ಅವನ ಮಗಳು ಮತ್ತು ಗೆಳತಿಯರು. ನೆಟ್ಟ ದಿನ ಮರಳಿನ ಮಟ್ಟಕ್ಕೆ ಕೆಂಪು ಗೆರೆ ಎಳೆದಿದ್ದರು. ಲಾರಿಗಳು ತುಂಬಿಕೊಂಡು ಹೋಗಿ ಮರಳು ಖಾಲಿಯಾಗುತ್ತಾ ಬಂದು, ನಿನ್ನೆ ಆ ಗೆರೆ ಮೊಣಕಾಲೆತ್ತರ ಮೇಲಿತ್ತು. ಇವತ್ತು ಆ ಹುಡುಗಿಯರ ದೂರು ಕೇಳಿ ಗಣಿ ಇಲಾಖೆಯ ಸಾಹೇಬರು ಬಂದು ನೋಡಿದರೆ, ಗೆರೆ ಮತ್ತೆ ಮರಳಿಗೆ ಅಂಟಿ ಕೂತಿದೆ.

“ಬರೀ ಹುಡುಗಾಟ,” ಎಂದು ಸಾಹೇಬರು ಜೀಪಿನತ್ತ ತಿರುಗಿದರು.

ಮಗಳ ಮೈ ಉರಿದುಹೋಯಿತು. ದಡದಡ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಏಟು ತಿಂದು ಸಿಬಿರೆದ್ದ ಅದರ ತುದಿ ಅವಳ ಭುಜಕ್ಕೆ ಬಂತು.

“ನಿನ್ನೆ ಇದು ನನ್ನ ತಲೆಗಿಂತ ಎತ್ತರ ಇತ್ತು ಸಾರ್! ಒಂದೇ ರಾತ್ರೀಲಿ ನಾನು ಇಷ್ಟು ಬೆಳೆದುಬಿಟ್ನಾ? ಯಾವನೋ ಕಳ್ಳ ಇದನ್ನ ಬಡಿದು ಇಳಿಸಿದ್ದಾನೆ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಪ್ಪ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಲಾರಿಯ ಜಾಕಿ ಒತ್ತಿ ಹೀಗಾಯ್ತು ಅಂತ ಅವನು ಅಂದಿದ್ದನ್ನು ನಂಬಿ, ಬೆಳಿಗ್ಗೆ ಆ ಅಂಗೈಯ ಬೊಬ್ಬೆಗಳಿಗೆ ಮುಲಾಮು ಹಚ್ಚಿದ್ದು ಅವಳೇ.