ಐದು ಗಂಟೆಯವರೆಗೆ

ಮೊಬೈಲಿನ ಸದ್ದಡಗಿಸಿ ಸಕ್ಕರೆ ಡಬ್ಬದ ಹಿಂದಕ್ಕೆ ತಳ್ಳಿದಳು. ಮುಂಬಾಗಿಲಿಗೆ ಚಿಲಕ ಹಾಕಿದಳು. ಟಿವಿಯ ವೈರು ಕಿತ್ತು ಸೋಫಾದ ಕೆಳಗೆ ಸೇರಿಸಿದಳು. ಆಮೇಲೆ ತಣ್ಣೀರಿನಲ್ಲಿ ಮುಖ ತೊಳೆದು, ಕನ್ನಡಿಯ ಮುಂದೆ ಒಮ್ಮೆ ನಕ್ಕು ನೋಡಿದಳು. ನಗು ಹೊಲಿಗೆ ತಪ್ಪಿದ ಕಾಲರಿನಂತೆ ಸೊಟ್ಟಗಿತ್ತು. ಬಟ್ಟೆ ಹೊಲಿದೇ ಬದುಕುವವಳಿಗೆ ಸೊಟ್ಟಗಿದ್ದದ್ದು ಕಣ್ಣಿಗೆ ತಪ್ಪುವುದಿಲ್ಲ. ಇನ್ನೊಮ್ಮೆ ನಕ್ಕಳು. ಪರವಾಗಿಲ್ಲ ಅನ್ನಿಸಿತು.

ಗಂಟೆ ಒಂಬತ್ತೂವರೆ. ಐದರವರೆಗೆ ಹೇಗಾದರೂ ದಿನ ದೂಡಬೇಕಿತ್ತು.

ಸ್ವಲ್ಪ ಹೊತ್ತಿನ ಹಿಂದೆ ಮೈದುನ ಫೋನು ಮಾಡಿದ್ದ. ಅವಳ ಗಂಡ ಲೈನ್‌ಮನ್. ಗಾಳಿಗೆ ಹರಿದ ತಂತಿ ಜೋಡಿಸಲು ನಸುಕಿನಲ್ಲೇ ಪಕ್ಕದ ಊರಿಗೆ ಹೋಗಿದ್ದ. ಅವನಿನ್ನೂ ಕಂಬದ ಮೇಲಿರುವಾಗಲೇ ಯಾರೋ ಕರೆಂಟು ಬಿಟ್ಟಿದ್ದರು. ಕೆಳಗಿಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈದುನ ಶವಾಗಾರದ ಬಾಗಿಲಲ್ಲಿ ನಿಂತು ಏನೇನೋ ಹೇಳಿದ. ಅವಳಿಗೆ ನೆನಪುಳಿದದ್ದು ಇಷ್ಟೇ: "ಅತ್ತಿಗೆ, ನಾನು ಬರೋವರೆಗೂ ಅಮ್ಮನಿಗೆ ಗೊತ್ತಾಗೋದು ಬೇಡ. ಐದು ಗಂಟೆಗೆ ಡಾಕ್ಟರನ್ನ ಕರ್ಕೊಂಡೇ ಬರ್ತೀನಿ."

ಅತ್ತೆಯ ಹೃದಯದ ಆಪರೇಷನ್ ಆಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮನಸ್ಸಿಗೆ ಆಘಾತವಾಗಬಾರದೆಂದು ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಇನ್ನು ಮಗಳು. ಹತ್ತು ವರ್ಷದವಳು, ಅಪ್ಪನೆಂದರೆ ಜೀವ. ಹೇಳಿದರೆ ಮನೆಯ ಸೂರು ಹಾರುವಂತೆ ಅಳುತ್ತಾಳೆ, ಅಜ್ಜಿಗೆ ಗೊತ್ತಾಗಿಯೇ ಆಗುತ್ತದೆ. ಆದ್ದರಿಂದ ಅಳುವುದನ್ನು ಅವಳು ಸಂಜೆಗೆ ಎತ್ತಿಟ್ಟಳು.

ಅತ್ತೆಯದೂ ಒಂದು ಫೋನಿತ್ತು. ಹುಡುಕಿಕೊಂಡು ಕೋಣೆಗೆ ಹೋದರೆ ಅದು ಮಗಳ ಕೈಯಲ್ಲಿತ್ತು. ಆಗಲೇ ಆಫ್ ಆಗಿತ್ತು. ಚಾರ್ಜು ಮುಗಿದಿದೆ ಎಂದಳು ಮಗಳು. ಇಂಥ ದಿನದಲ್ಲೂ ಇಷ್ಟಾದರೂ ಅದೃಷ್ಟ ಉಳಿದಿದೆಯಲ್ಲ ಎಂದುಕೊಂಡಳು ತಾಯಿ.

"ಅಮ್ಮ, ಕ್ರಿಸ್ಮಸ್ ರಜೆ ಶುರುವಾದಾಗಿಂದ ನೀನು ಬರೀ ಹೊಲೀತಾನೇ ಇದ್ದೀಯ. ಇವತ್ತು ಕೇಕ್ ಮಾಡೋಣ. ನಕ್ಷತ್ರಾನೂ ಮಾಡೋಣ. ಮೂವರೂ ಸೇರಿ."

ಬೇಡವೆನ್ನಲು ಬಾಯಿ ಬರಲಿಲ್ಲ. ನಾಳೆಯಿಂದ ಈ ಮಗುವಿಗೆ ಎಷ್ಟು ದಿನ ಇಂಥ ದಿನವಿರುವುದಿಲ್ಲವೋ. ಇದೊಂದು ಅವಳದಾಗಿರಲಿ.

ಹಿಟ್ಟು ಜರಡಿಯಾಯಿತು, ಬೆಣ್ಣೆ ಕರಗಿತು. ಮಗಳು ಮೊಟ್ಟೆ ಒಡೆದಳು, ಸಿಪ್ಪೆ ಬಟ್ಟಲಿಗೆ ಬಿತ್ತು. ಅತ್ತೆ ಮೇಜಿನ ಬಳಿ ಕುಳಿತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ಬಟ್ಟಲಿಗೆ ಒಂದು, ಬಾಯಿಗೆ ಎರಡು. ಮಗ ಎಷ್ಟು ಹೊತ್ತಿಗೆ ಬರುತ್ತಾನೆಂದು ಕೇಳಿದರು. ಸಂಜೆ ಎಂದಳು ಸೊಸೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದರು. ಸಂಜೆ ಎಂದಳು ಮತ್ತೆ. ಅದು ಸುಳ್ಳಲ್ಲ. ಸಂಜೆ ಅವನನ್ನು ತರುವವರಿದ್ದರು.

ಕರೆಗಂಟೆ ಸದ್ದು ಮಾಡಿತು. ಹಿಟ್ಟಿನೊಳಗೆ ಕೈಯಿಟ್ಟವಳು ಹಾಗೇ ಮರಗಟ್ಟಿದಳು. ಅವಳು ಕೈ ಕೊಡವುವ ಮೊದಲೇ ಮಗಳು ಓಡಿದ್ದಳು. ಬಾಗಿಲು ಒಂದು ಗೇಣು ತೆರೆಯಿತು, ಪಿಸಪಿಸ ಮಾತು ಕೇಳಿಸಿತು, ಮತ್ತೆ ಮುಚ್ಚಿತು.

"ಪಕ್ಕದ ಮನೆ ಆಂಟಿ. ಕತ್ತರಿ ಬೇಕಿತ್ತಂತೆ. ನಮಗೇ ಬೇಕು ಅಂದೆ."

ಒಳ್ಳೆಯ ಜಿಪುಣಿ ಎಂದು ಅತ್ತೆ ನಕ್ಕರು. ಸೊಸೆ ಮತ್ತೆ ಹಿಟ್ಟು ಕಲಸತೊಡಗಿದಳು. ಸುದ್ದಿ ಬೀದಿಗೆ ಬಂದಿರಲಾರದು, ಬಂದಿದ್ದರೆ ಆಕೆ ಕತ್ತರಿ ಕೇಳುತ್ತಿದ್ದಳೇ?

ಕೇಕು ಓವನ್ನಿನೊಳಗೆ ಹೋದ ಮೇಲೆ, ಪಾತ್ರೆ ತೊಳೆಯುತ್ತೇನೆಂದು ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ನಲ್ಲಿಯನ್ನು ಜೋರಾಗಿ ತಿರುಗಿಸಿ, ಟವೆಲ್ಲನ್ನು ಬಾಯಿಗೆ ತುರುಕಿ, ನೆಲದ ಮೇಲೆ ಕುಸಿದಳು. ಎಷ್ಟು ಹೊತ್ತಾಯಿತೋ. ಕೇಕಿನ ವಾಸನೆ ಮೂಗಿಗೆ ಬಡಿದಾಗ ಎದ್ದಳು.

ಹೊರಗೆ ಅಜ್ಜಿ ಮೊಮ್ಮಗಳು ಕೆಂಪು ಕಾಗದದ ಮೇಲೆ ತಲೆಗೆ ತಲೆ ಹಚ್ಚಿ ಕೂತಿದ್ದರು. ಅತ್ತೆ ತಲೆಯೆತ್ತಲಿಲ್ಲ. ಅಂಟು ಕಾಗದಕ್ಕಿಂತ ಹೆಚ್ಚಾಗಿ ಅವರ ಬೆರಳಿಗೇ ಹತ್ತುತ್ತಿತ್ತು. ಸುಸ್ತಾಗಿರಬೇಕು, ಮಲಗಿ ಎಂದಳು ಸೊಸೆ. ಅತ್ತೆ ಒಪ್ಪಲಿಲ್ಲ. ಅಲ್ಲಿಂದಾಚೆ ಅವರಿಗೆ ಮಾತೇ ಮಾತು. ಮೊಮ್ಮಗಳು ಕತ್ತರಿಸಿದ ನಕ್ಷತ್ರವನ್ನು ಏಡಿ ಎಂದರು, ಸೊಸೆ ಕತ್ತರಿಸಿದ್ದನ್ನು ಏಡಿಯ ಅತ್ತೆ ಎಂದರು. ಮೂವರೂ ನಕ್ಕರು. ಮಗಳ ನಗು ಎಲ್ಲರದ್ದಕ್ಕಿಂತ ಜೋರಾಗಿತ್ತು. ಅತ್ತೆ ಮಗನ ಮಾತನ್ನು ಮತ್ತೆ ಎತ್ತಲೇ ಇಲ್ಲ. ಸದ್ಯ, ಮರೆತರು ಎಂದು ಸೊಸೆ ಉಸಿರುಬಿಟ್ಟಳು.

ಕೇಕು ಕತ್ತರಿಸುವಾಗ, ಅನುಮಾನ ಬರಬಾರದೆಂದು, ಅಪ್ಪನಿಗೊಂದು ತುಂಡು ತೆಗೆದಿಡು ಎಂದಳು. ಮಗಳು ದೊಡ್ಡದೊಂದು ತುಂಡು ತೆಗೆದು ತಟ್ಟೆ ಮುಚ್ಚಿಟ್ಟಳು.

ಐದಕ್ಕೆ ಐದು ನಿಮಿಷವಿರುವಾಗ ಬೀದಿಯಲ್ಲಿ ಕಾರು ನಿಂತಿತು. ಅವಳು ಮಗಳ ಕೈಗೆ ನಕ್ಷತ್ರ ಕೊಟ್ಟು, ಮಹಡಿಯ ಕಿಟಕಿಗೆ ಕಟ್ಟಿ ಬಾ, ನಿಧಾನವಾಗಿ ಕಟ್ಟು ಎಂದು ಕಳಿಸಿದಳು. ಮೈದುನ ಒಳಗೆ ಬಂದ. ಹಿಂದೆ ಡಾಕ್ಟರು. ಮೈದುನ ತಾಯಿಯ ಮುಂದೆ ಮಂಡಿಯೂರಿ ಅವರ ಪಾದ ಹಿಡಿದುಕೊಂಡ. ಕೊನೆಗೆ ಅವಳೇ ಹೇಳಿದಳು. ನಾಲ್ಕೇ ಮಾತು.

ಅತ್ತೆ ಚೀರಲಿಲ್ಲ. ಕಿರಿಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಸೊಸೆಯತ್ತ ನೋಡಿದರು.

"ಗೊತ್ತು ತಾಯಿ. ನೀನು ಒಳಗೆ ನಲ್ಲಿ ಬಿಟ್ಕೊಂಡಿದ್ದಾಗ, ಅನುಮಾನ ಬಂದು, ನಾಲಿಗೆ ಕೆಳಗೆ ಮಾತ್ರೆ ಇಟ್ಕೊಂಡೇ ಮೊಮ್ಮಗಳ ಬಾಯಿ ಬಿಡಿಸಿದೆ. ಬೆಳಗ್ಗೆ ಅವನ ಜೊತೆ ಕೆಲಸ ಮಾಡೋನು ನನ್ನ ಫೋನಿಗೆ ಮಾಡಿದ್ನಂತೆ, ಎತ್ತಿದ್ದು ಮಗು. 'ಅಮ್ಮನಿಗೆ ಇನ್ನೂ ಗೊತ್ತಿಲ್ಲ ಅಜ್ಜಿ, ಹೇಳ್ಬೇಡ, ಇವತ್ತೊಂದು ದಿನ ನಗ್ತಾ ಇರಲಿ' ಅಂದ್ಳು."