ಪೈನ್ ಹಲಗೆಯ ಮೇಲೆ ಮೊಣಕೈ

"ಭಾನುವಾರ ಮಗಳ ನಿಶ್ಚಿತಾರ್ಥ ಕಣಪ್ಪ. ನನ್ ರವಿಕೆ ಎಲ್ಲಿ?" ಎಂದು ಸರ್ವಮಂಗಳಮ್ಮ ಕೇಳಿದಾಗ ಟೈಲರ್ ಗುರುಸಿದ್ದುವಿನ ಬಾಯಿ ಅಭ್ಯಾಸಬಲದಿಂದ ಜಾರಿತು.

"ಹೊಲ್ದಾಗಿದೆ ಅಕ್ಕ, ಹುಕ್ಕು ಹಾಕೋದೊಂದೇ ಬಾಕಿ."

ಅವನ ಅಂಗೈ ಕೌಂಟರಿಗೆ ಅಂಟಿಕೊಂಡಿತು. ಎಲ್ಲ ಅಂಗಡಿಗಳಂತೆ ಅವನದೂ ಕಾನೂನಿನ ಪ್ರಕಾರ ಪೈನ್ ಮರದ ಕೌಂಟರು. ಕಡಿದು ಹಲಗೆ ಮಾಡಿದರೂ ವರ್ಷವಿಡೀ ಹಸುರು. ಅಂಚಿನಲ್ಲಿ ಚಿಗುರುವ ಸೂಜಿ ಎಲೆಗಳನ್ನು ಅವನು ದಿನಾ ಬೆಳಿಗ್ಗೆ ಕತ್ತರಿಸಬೇಕು. ಸುಳ್ಳು ಕೇಳಿದರೆ ಅದು ಅಂಟು ಸುರಿಸುತ್ತದೆ, ನಿಜ ಕೇಳಿದರೆ ಬಿಡುತ್ತದೆ. ನಿಜ ಹೇಳಲು ನಾಚುವವರಿಗೆ ಅಂಟು ಕರಗಿಸುವ ಟರ್ಪೆಂಟೈನ್ ಎಣ್ಣೆ ಇದೆ, ಅದೂ ಅದೇ ಮರದ್ದು. ಆದರೆ ಮದುವೆ ಸೀಸನ್ನಿನಲ್ಲಿ ಗುರುಸಿದ್ದುವಿನ ಬಾಟಲಿ ಮೂರೇ ದಿನಕ್ಕೆ ಖಾಲಿಯಾಗಿತ್ತು.

"ಇನ್ನೂ ಬಟ್ಟೇನೇ ಕತ್ತರಿಸಿಲ್ಲ ಅಕ್ಕ," ಎಂದ. ಅಂಗೈ ಬಿಟ್ಟಿತು. ಎರಡೂ ಕೈ ಮೇಲೆತ್ತಿಕೊಂಡು, "ಸಂಜೆಯೊಳಗೆ ಗ್ಯಾರಂಟಿ. ಹಳೇ ಅಳತೇನೇ ಇಡ್ಲಾ?" ಎಂದ.

"ಹಳೇದೇ ಸಾಕು. ನಾನೇನೂ ದಪ್ಪ ಆಗಿಲ್ಲ."

ಕೌಂಟರಿನ ಮೇಲೆ ಊರಿದ್ದ ಸರ್ವಮಂಗಳಮ್ಮನ ಮೊಣಕೈ ಅಂಟಿತು. ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಒಂದಿಂಚು ಆಗಿದೀನಿ," ಎಂದು ಪಿಸುಗುಟ್ಟಿದರು. ಹಲಗೆ ಬಿಡಲಿಲ್ಲ.

"ಎರಡು." ಬಿಡಲಿಲ್ಲ.

"ಮೂರೂವರೆ!" ಎಂದು ಸಿಟ್ಟಿನಿಂದ ಕೂಗಿದರು. ಮೊಣಕೈ ಬಿಟ್ಟಿತು.

ಅವರ ಮುಖ ನೋಡಿ ಗುರುಸಿದ್ದುವಿಗೆ ಪಾಪ ಅನ್ನಿಸಿತು. "ನೋಡಿದ್ರೆ ಗೊತ್ತೇ ಆಗಲ್ಲ ಬಿಡಿ ಅಕ್ಕ," ಎಂದ.

ಹೇಳಿದ ಮೇಲೆಯೇ ಅವನು ತನ್ನ ಅಂಗೈ ಎಲ್ಲಿದೆಯೆಂದು ನೋಡಿಕೊಂಡದ್ದು. ಈಗ ನಿಜ ಹೇಳದೆ ವಿಧಿಯಿರಲಿಲ್ಲ, ಕತ್ತರಿ ಮಾತ್ರ ಸರ್ವಮಂಗಳಮ್ಮನ ಕೈಗೇ ಹತ್ತಿರದಲ್ಲಿತ್ತು.